ಗೋವಾಕ್ಕೆ ಎಷ್ಟು ಕಸದ ದೂರ

ನಮ್ಮ ಮನೆಯ ನಡುಬಾಗಿಲ ಹಿಂದೆ ಒಂದು ಪೊರಕೆ ನಿಂತಿರುತ್ತದೆ. ತೆಂಗಿನ ಕಡ್ಡಿಯದು, ತುದಿ ಸವೆದು ಮೊಂಡಾಗಿದೆ. ಇದನ್ನು ಬಿಸಾಡಿ ಬೇರೆ ತರೋಣ ಎಂದು ಸೊಸೆ ಸವಿತ ಹೇಳುತ್ತಲೇ ಇರುತ್ತಾಳೆ, ನಾನು ಬೇಡ ಎನ್ನುತ್ತಲೇ ಇರುತ್ತೇನೆ. ಈಚೆಗೆ ಆ ಪೊರಕೆ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ವಿಮಾನದ ನೆನಪಾಗುತ್ತದೆ. ಪೊರಕೆಗೂ ವಿಮಾನಕ್ಕೂ ಏನು ಸಂಬಂಧ ಎಂದು ನೀವು ಕೇಳಿದರೆ ತಪ್ಪಿಲ್ಲ. ಕೂತುಕೊಳ್ಳಿ, ಹೇಳುತ್ತೇನೆ. ಚಿಕ್ಕದಾಗಿ ಹೇಳುವುದು ಮಾತ್ರ ನನ್ನಿಂದಾಗದು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಐದನೇ ಕ್ಲಾಸಿನಲ್ಲಿ ಹೇಳಿಕೊಡುತ್ತಿದ್ದರೋ ಏನೋ.

ನಮ್ಮದು ಹೊಸನಗರದ ಪೇಟೆಯಲ್ಲಿ ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ. ಮಗ ನಾಗರಾಜ ಸ್ವಿಚ್ಚು ಒತ್ತಿದನೆಂದರೆ ಹಿಟ್ಟಿನ ಧೂಳು ಎದ್ದು ಮನೆಯೊಳಕ್ಕೆ ಬರುತ್ತದೆ. ದೇವರ ಪಟದ ಮೇಲೆ, ಟಿವಿಯ ಮೇಲೆ, ನನ್ನ ಹುಬ್ಬಿನ ಮೇಲೆ ಎಲ್ಲ ಕೂರುತ್ತದೆ. ಹುಬ್ಬು ಹೇಗೂ ಬೆಳ್ಳಗಾಗಿರುವುದರಿಂದ ಅದೊಂದು ಗೊತ್ತಾಗುವುದಿಲ್ಲ. ಅರ್ಧ ದಿನ ಗುಡಿಸದೆ ಬಿಟ್ಟರೆ ಯಾರು ಬಂದರು, ಯಾರು ಹೋದರು, ಯಾರು ಚಪ್ಪಲಿ ಬಿಡದೆ ಅಡುಗೆಮನೆಯ ತನಕ ಬಂದರು ಎಂದು ನೆಲವೇ ಹೇಳುತ್ತದೆ. ಇಂಥ ಮನೆಯಲ್ಲಿ ಗುಡಿಸಬಾರದು ಎನ್ನುವ ಪದ್ಧತಿ ಇಟ್ಟುಕೊಂಡರೆ ಹೇಗಿರುತ್ತದೆ ಎಂದು ನೀವೇ ಯೋಚಿಸಿ. ನಮ್ಮ ಮನೆಯಲ್ಲಿ ಅದು ಇದೆ.

ನಿಮ್ಮ ಕಡೆಯೂ ಇದ್ದೀತು. ಮನೆಯಿಂದ ಯಾರಾದರೂ ದೂರದ ಊರಿಗೆ ಹೊರಟರೆ ಅವರು ಹೋಗಿ ಮುಟ್ಟುವ ತನಕ ಮನೆ ಗುಡಿಸಬಾರದು. ಗುಡಿಸಿದರೆ ಹೋದವರ ಪ್ರಯಾಣ ಕೆಡುತ್ತದೆ, ಅರ್ಧ ದಾರಿಯಿಂದ ತಿರುಗಿ ಬರುತ್ತಾರೆ. ಬೆನ್ನಿಗೇ ಗುಡಿಸುವುದು ಹೆಣ ಎತ್ತಿದ ಮನೆಯಲ್ಲಿ ಮಾತ್ರ. ಇದು ನಮ್ಮ ಅಮ್ಮ ನನಗೂ ನನ್ನ ತಂಗಿ ಗಿರಿಜೆಗೂ ಕಲಿಸಿದ ಪಾಠ. ಶಾಲೆಯಲ್ಲಿ ಕಲಿತದ್ದು ಮರೆತುಹೋಯಿತು, ಇದು ಮರೆಯಲಿಲ್ಲ.

ನಾವು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯಲ್ಲಿ. ಆಗೆಲ್ಲ ಹೋದವರು ಮುಟ್ಟಿದರೋ ಇಲ್ಲವೋ ತಿಳಿಯುವುದು ಹೇಗೆ. ಕಾಗದ ಬರುವ ಹೊತ್ತಿಗೆ ಹೋದವರೇ ವಾಪಸು ಬಂದಿರುತ್ತಿದ್ದರು. ಹಾಗಾಗಿ ಅಮ್ಮ ತಲೆಯಲ್ಲೇ ಒಂದು ಲೆಕ್ಕ ಇಟ್ಟುಕೊಂಡಿದ್ದಳು. ಶಿವಮೊಗ್ಗಕ್ಕೆ ಹೋದರೆ ಮಧ್ಯಾಹ್ನದ ಊಟದ ಎಲೆ ತೆಗೆಯುವ ತನಕ. ಸಾಗರಕ್ಕಾದರೆ ದನ ಕೊಟ್ಟಿಗೆಗೆ ಬರುವ ತನಕ. ಮಂಗಳೂರಿಗಾದರೆ ಮರುದಿನ ಹೊತ್ತು ಏರುವ ತನಕ. ಯಾವ ಊರು ಎಷ್ಟು ಮೈಲಿ ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೂ ಕಿಲೋಮೀಟರು ಎಂದರೆ ತಲೆಗೆ ಹತ್ತುವುದಿಲ್ಲ. ನನಗೆ ದೂರ ಎಂದರೆ ನೆಲದ ಮೇಲೆ ಬೀಳುವ ಕಸ. ಶಿವಮೊಗ್ಗ ಎಂದರೆ ನಾಲ್ಕು ಎಲೆ, ಒಂದಿಷ್ಟು ಮಣ್ಣು. ಮಂಗಳೂರು ಎಂದರೆ ಕಾಲಿಗೆ ಗರಗರ ಸಿಗುವಷ್ಟು.

ಪಕ್ಕದ ಮನೆಯ ಅಜ್ಜ ಕಾಶಿಗೆ ಹೋದಾಗ ಅವರ ಹೆಂಡತಿ ಎಷ್ಟು ದಿನ ಗುಡಿಸದೆ ಇದ್ದರೋ, ಅವರ ಜಗುಲಿಯಲ್ಲಿ ಕೋಳಿ ಬಂದು ಕೆದಕುತ್ತಿದ್ದದ್ದು ನನಗೆ ನೆನಪಿದೆ. ಕೊನೆಗೆ ತಾಳಲಾರದೆ ಅವರು ನಮ್ಮ ಅಮ್ಮನನ್ನು ಕರೆದು, "ನೀನು ಬಂದು ಗುಡಿಸೇ ಮಾರಾಯ್ತಿ, ನಿನಗೆ ಅವರು ಎಂತ ಆಗ್ಬೇಕು, ನೀ ಗುಡಿಸಿದ್ರೆ ಲೆಕ್ಕಕ್ಕಿಲ್ಲ" ಎಂದರು. ಅಮ್ಮ ಹೋಗಲಿಲ್ಲ. "ನಾಳೆ ಅವ್ರಿಗೆ ಗಂಗೇಲಿ ಕಾಲು ಜಾರಿದ್ರೆ ಊರೆಲ್ಲ ನನ್ನ ಹೆಸ್ರು ಹೇಳುತ್ತೆ" ಎಂದಳು. ಅಜ್ಜ ಚೆನ್ನಾಗಿಯೇ ಬಂದರು. ಜಗುಲಿ ನೋಡಿ ಬೈದರು.

ಒಂದು ಸಲ ಮಾತ್ರ ಪದ್ಧತಿ ತಪ್ಪಿತು. ಅಪ್ಪ ನನಗೆ ಗಂಡು ನೋಡಲೆಂದು ಸಾಗರಕ್ಕೆ ಹೊರಟ ದಿನ, ಕೆಲಸಕ್ಕೆ ಬರುತ್ತಿದ್ದವಳಿಗೆ ಯಾರೂ ಹೇಳಿರಲಿಲ್ಲ, ಅವಳು ಅಂಗಳ ಗುಡಿಸಿಬಿಟ್ಟಳು. ಅಪ್ಪ ಹತ್ತಿದ್ದ ಬಸ್ಸಿನ ಅಚ್ಚು ದಾರಿಯಲ್ಲಿ ಮುರಿಯಿತು. ಸಂಜೆಗೆ ಅಪ್ಪ ಧೂಳು ಮೆತ್ತಿಕೊಂಡು ನಡೆದು ಬಂದ. ಗಂಡಿನ ಮನೆಗೆಂದು ಒಯ್ದಿದ್ದ ಮಂಡಕ್ಕಿ ಉಂಡೆ, ಬಾಳೆಹಣ್ಣು ಎಲ್ಲ ನಮ್ಮ ಪಾಲಾಯಿತು. ಅಮ್ಮ ಕೆಲಸದವಳ ಜೊತೆ ಮಾತು ಬಿಟ್ಟಳು. ಗಿರಿಜೆ ಆಗ ತೀರಾ ಸಣ್ಣವಳು. ಅಪ್ಪನ ಕಾಲು ತಬ್ಬಿಕೊಂಡು ಉಂಡೆ ಕಡಿಯುತ್ತಾ ಕೆಲಸದವಳಿಗೆ ಹೇಳಿದಳು, "ನಾಳೆನೂ ಗುಡಿಸೇ." ಅಮ್ಮ ಅವಳ ತಲೆಗೊಂದು ಮೊಟಕಿದಳು. ನನಗೆ ಆ ಗಂಡು ತಪ್ಪಿತು. ಸಾಗರದ ಬದಲು ಹೊಸನಗರದ ಗಿರಣಿ ಸಿಕ್ಕಿತು. ಆ ಸಾಗರದವನು ಹೇಗಿದ್ದನೋ ನಾನು ನೋಡಿಲ್ಲ, ನಷ್ಟವೋ ಲಾಭವೋ ಹೇಳಲಾರೆ.

ಗಿರಿಜೆಗೆ ಮದುವೆಯಾಯಿತು. ಹುಡುಗ ಗೋವಾದ ಮಾಪುಸಾ ಎನ್ನುವ ಊರಿನಲ್ಲಿ ಹೋಟೆಲಿನ ಅಡುಗೆಯವನು. ನಮ್ಮವರಲ್ಲಿ ಯಾರೂ ಗೋವಾ ನೋಡಿದವರಲ್ಲ. "ಅಲ್ಲಿ ಕನ್ನಡ ಮಾತಾಡ್ತಾರನಾ?" ಎಂದು ಅಮ್ಮ ಕೇಳಿದಳು. "ಮೀನು ಚೆನ್ನಾಗಿ ಸಿಗುತ್ತಂತೆ" ಎಂದು ಅಪ್ಪ ಹೇಳಿದ. ಅಷ್ಟಕ್ಕೇ ಒಪ್ಪಿಗೆಯಾಯಿತು. ಮದುವೆಯ ಮರುದಿನ ಗಿರಿಜೆ ಹೊರಟಾಗ ಅಮ್ಮನ ಲೆಕ್ಕದಲ್ಲಿ ಗೋವಾ ಎನ್ನುವ ಊರೇ ಇರಲಿಲ್ಲ. ಯಾವಾಗ ಗುಡಿಸಬೇಕು ಎಂದು ತಿಳಿಯದೆ ಅವಳು ಎರಡು ದಿನ ಪೊರಕೆಯನ್ನು ಅಟ್ಟಕ್ಕೆ ಹಾಕಿದ್ದಳು. ಮದುವೆಮನೆಯ ಕಸ ಬೇರೆ.

ವರ್ಷ ಕಳೆದ ಮೇಲೆ ನಾನು ನಾಗರಾಜನನ್ನು ಸೊಂಟದ ಮೇಲೆ ಇಟ್ಟುಕೊಂಡು ಅವಳನ್ನು ನೋಡಲು ಹೋದೆ. ಹೊಸನಗರದಿಂದ ಸಾಗರಕ್ಕೆ ಒಂದು ಬಸ್ಸು, ಅಲ್ಲಿಂದ ಘಟ್ಟ ಇಳಿದು ಹೊನ್ನಾವರ, ಮತ್ತೆ ಬಸ್ಸು ಬದಲಿಸಿ ಕಾರವಾರ. ಅಲ್ಲಿ ಪರಿಚಯದವರ ಮನೆಯ ಜಗುಲಿಯಲ್ಲಿ ಮಲಗಿ, ಬೆಳಿಗ್ಗೆ ಹೊಳೆಗೆ ಬಂದರೆ ಬಸ್ಸನ್ನೂ ನಮ್ಮನ್ನೂ ಒಟ್ಟಿಗೆ ದೋಣಿಯಂಥದ್ದರ ಮೇಲೆ ಹೇರಿದರು. ಬಸ್ಸು ನೀರಿನ ಮೇಲೆ ಹೋಗುವುದನ್ನು ನಾನು ಅವತ್ತೇ ನೋಡಿದ್ದು. ನಾಗರಾಜ ದಾರಿಯುದ್ದಕ್ಕೂ ವಾಂತಿ ಮಾಡಿದ. ಮಾಪುಸಾ ಮುಟ್ಟಿದಾಗ ನನ್ನ ಸೀರೆಯನ್ನು ಯಾರೂ ಮುಟ್ಟುವಂತಿರಲಿಲ್ಲ. ಗಿರಿಜೆ ಮುಟ್ಟಿದಳು. ಬಾಗಿಲಲ್ಲೇ ತಬ್ಬಿಕೊಂಡು ಬಿಡಲೇ ಇಲ್ಲ.

ಅಲ್ಲಿದ್ದಷ್ಟು ದಿನ ಅವಳು ಒಂದೇ ಸಮನೆ ಮಾತಾಡಿದಳು. ಅವಳ ಗಂಡ ಒಳ್ಳೆಯವನೇ, ಆದರೆ ಬೆಳಕು ಹರಿಯುವ ಮೊದಲು ಹೋದರೆ ರಾತ್ರಿಯೇ ಬರುವುದು. ಅಕ್ಕಪಕ್ಕದವರ ಮಾತು ಇವಳಿಗೆ ತಿಳಿಯದು. ಆದರೆ ನಾನು ಹೊರಡುವ ದಿನ ಇವಳ ಬಾಯಿ ಬಂದಾಯಿತು. ಬಸ್ ಸ್ಟ್ಯಾಂಡಿಗೂ ಬರಲಿಲ್ಲ. "ಒಲೆ ಮೇಲೆ ಅನ್ನ ಇದೆ, ನೀವು ಹೋಗಿ" ಎಂದು ಗಂಡನನ್ನು ಜೊತೆಗೆ ಕಳಿಸಿದಳು. ಕಣ್ಣಲ್ಲಿ ನೀರೂ ಇಲ್ಲ. ಗಟ್ಟಿಯಾಗಿದ್ದಾಳೆ, ಒಳ್ಳೆಯದೇ ಆಯಿತು ಎಂದುಕೊಂಡೆ. ನಾನೂ ಅಳುವವಳಲ್ಲ. ಗಿರಣಿ ಮನೆಯಲ್ಲಿ ಅತ್ತರೆ ಹಿಟ್ಟು ಮೆತ್ತಿಕೊಂಡು ಮುಖ ದೋಸೆಯಾಗುತ್ತದೆ.

ಬೀದಿಯ ತಿರುವು ದಾಟಿದಾಗ ನನ್ನ ಕೊಡೆ ನೆನಪಾಯಿತು. ಬಾಗಿಲ ಮೂಲೆಯಲ್ಲೇ ಬಿಟ್ಟಿದ್ದೆ. ಮಗುವನ್ನು ಗಿರಿಜೆಯ ಗಂಡನ ಕೈಗೆ ಕೊಟ್ಟು ತಿರುಗಿ ಬಂದೆ. ಗೇಟಿನ ಹತ್ತಿರ ಬರುವಾಗಲೇ ಸದ್ದು ಕೇಳಿತು. ಸರ್, ಸರ್, ಸರ್. ಗಿರಿಜೆ ಬಗ್ಗಿಕೊಂಡು ಜಗುಲಿ ಗುಡಿಸುತ್ತಿದ್ದಳು. ಸುಮ್ಮನೆ ಗುಡಿಸುವುದಲ್ಲ, ಹಿಂದೆ ಯಾರೋ ಓಡಿಸಿಕೊಂಡು ಬರುತ್ತಿದ್ದಾರೇನೋ ಅನ್ನುವ ಹಾಗೆ. ನಾನು ಕೂತಿದ್ದ ಜಾಗ, ನಾಗರಾಜ ಅವಲಕ್ಕಿ ಚೆಲ್ಲಿದ್ದ ಜಾಗ, ನನ್ನ ಕಾಲಿನ ಗುರುತು ಇದ್ದ ಮೆಟ್ಟಿಲು, ಎಲ್ಲ.

ನಾನು ಇನ್ನೂ ಬಸ್ಸೇ ಹತ್ತಿರಲಿಲ್ಲ. ಅದೇ ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳು, ಅದೇ ಪಾಠ ಕಲಿತವಳು, ಗೊತ್ತಿಲ್ಲದೆ ಮಾಡಿದಳು ಎನ್ನುವಂತಿಲ್ಲ. ಕೊಡೆ ತೆಗೆದುಕೊಳ್ಳದೆ ತಿರುಗಿ ಹೋದೆ. "ಸಿಕ್ತಾ ಅಕ್ಕ?" ಎಂದು ಗಿರಿಜೆಯ ಗಂಡ ಕೇಳಿದ. "ಮನೇಲೇ ಬಿಟ್ಟು ಬಂದಿರ್ಬೇಕು, ಹೊಸನಗರದಲ್ಲಿ" ಎಂದೆ. ದಾರಿಯಲ್ಲಿ ಬಸ್ಸು ಕೆಡಲಿಲ್ಲ, ಅಚ್ಚು ಮುರಿಯಲಿಲ್ಲ, ನಾಗರಾಜ ವಾಂತಿಯನ್ನೂ ಮಾಡಲಿಲ್ಲ. ಅದೂ ನನಗೆ ಸಿಟ್ಟೇ. ಒಂದು ಚಕ್ರವಾದರೂ ಪಂಚರ್ ಆಗಿದ್ದರೆ ಜಗಳ ಆಡಲು ಒಂದು ದಾರಿ ಇರುತ್ತಿತ್ತು.

ಅದಾದ ಮೇಲೆ ನಾನು ಗೋವಾಕ್ಕೆ ಹೋಗಲಿಲ್ಲ. ಕೇಳಿದವರಿಗೆಲ್ಲ ದೂರ ಎಂದೆ. ದೂರ ಎನ್ನುವುದು ಬಹಳ ಒಳ್ಳೆಯ ಮಾತು, ಯಾರೂ ಮುಂದಕ್ಕೆ ಕೇಳುವುದಿಲ್ಲ. ಗಿರಿಜೆ ಮದುವೆಗೆ, ತಿಥಿಗೆ ಬರುತ್ತಿದ್ದಳು. ಬಂದಾಗ ಮಾತು ನಗು ಎಲ್ಲ ಇತ್ತು. ಅವಳು ಹೋಗುವಾಗ ನಾನು ಪೊರಕೆ ಮುಟ್ಟುತ್ತಿರಲಿಲ್ಲ, ಅವಳ ಹಾಗೆ ನಾನು ಮಾಡುವವಳಲ್ಲ ಎನ್ನುವ ಜಂಬ. ಆಮೇಲೆ ಅವಳ ಗಂಡ ಹೋದ, ಅವಳ ಮೊಣಕಾಲು ಹೋಯಿತು. ಬಸ್ಸಿನಲ್ಲಿ ಕೂತರೆ ಕಾಲು ಮಡಚುವುದಿಲ್ಲ, ರೈಲಿನ ಮೆಟ್ಟಿಲು ಹತ್ತಲಾಗದು. ಬರುವುದೇ ನಿಂತಿತು. ಫೋನಿನಲ್ಲಿ ಮಾತ್ರ ತಂಗಿ. ಯಾಕೆ ಗುಡಿಸಿದೆ ಎಂದು ಫೋನಿನಲ್ಲಿ ಕೇಳಲಾಗುತ್ತದೆಯೇ. ಕೇಳದೆಯೇ ಇಬ್ಬರಲ್ಲೊಬ್ಬರು ಹೋಗಿಬಿಡುತ್ತೇವೆ ಎಂದು ಈಚೆಗೆ ಅನ್ನಿಸುತ್ತಿತ್ತು.

ಹೀಗಿರುವಾಗ ನಾಗರಾಜ ಒಂದು ದಿನ ಗಿರಣಿಯಿಂದ ಎದ್ದು ಬಂದು, "ಅಮ್ಮ, ಶಿವಮೊಗ್ಗದಿಂದ ಗೋವಾಕ್ಕೆ ವಿಮಾನ ಇದೆಯಂತೆ. ಚಿಕ್ಕಮ್ಮನ ಮಗ ಟಿಕೆಟ್ ಮಾಡ್ಸಿದಾನೆ. ಚಿಕ್ಕಮ್ಮ ಬರ್ತಾರೆ" ಎಂದ.

"ಎಷ್ಟು ಹೊತ್ತಿನ ದಾರಿ?"

"ವಿಮಾನದಲ್ಲಾ? ಒಂದು ಗಂಟೆ."

"ಒಂದು ಗಂಟೆಗೆ ಇಲ್ಲಿಂದ ಸಾಗರಕ್ಕೆ ಹೋಗೋಕಾಗಲ್ಲ. ಯಾರ ಹತ್ರ ಸುಳ್ಳು ಹೇಳ್ತೀಯ?"

ಅವನು ಫೋನು ತೆಗೆದು ತೋರಿಸಿದ. ಮೇಲಿನಿಂದ ನೆಟ್ಟಗೆ ಗೆರೆ ಎಳೆದರೆ ಮುನ್ನೂರು ಕಿಲೋಮೀಟರೂ ಇಲ್ಲವಂತೆ. ಆ ಗೆರೆಯ ಕೆಳಗೆ ಘಟ್ಟವಿದೆ, ಹೊಳೆಯಿದೆ, ಕಾರವಾರದ ಜಗುಲಿಯಿದೆ, ನನ್ನ ಮಗನ ವಾಂತಿಯಿದೆ. ಗೆರೆಗೆ ಅದು ಯಾವುದೂ ಗೊತ್ತಿಲ್ಲ. ಇಷ್ಟು ವರ್ಷ ದೂರ, ದೂರ ಎಂದು ಹೇಳಿಕೊಂಡು ಬಂದ ಊರು ಇಷ್ಟು ಹತ್ತಿರದಲ್ಲಿ ಸುಮ್ಮನೆ ಕೂತಿತ್ತೇ.

ಗಿರಿಜೆ ಬೆಳಿಗ್ಗೆ ಫೋನಿನಲ್ಲಿ "ಹೊರಟೆ ಕಣೆ" ಎಂದವಳು ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಳು. ನಾನು ಅನ್ನ ಬಡಿಸಿ ಅವಳ ಮುಖ ನೋಡುತ್ತ ನಿಂತೆ. ಅವಳ ಕೈಯಲ್ಲಿ ಇನ್ನೂ ಗೋವಾದ ವಾಸನೆ ಇತ್ತು. ಅದು ಒಣ ಸಿಗಡಿಯ ವಾಸನೆ, ಒಂದು ಚೀಲ ತಂದಿದ್ದಳು.

"ಎಂತ ಹಾಗೆ ನೋಡ್ತೀಯ? ದೆವ್ವ ಅಂದ್ಕೊಂಡ್ಯಾ?" ಎಂದಳು.

"ದೆವ್ವನೂ ಇಷ್ಟು ಬೇಗ ಬರಲ್ಲ" ಎಂದೆ.

"ಮೇಲೆ ಹೋಯ್ತು, ಒಂದು ಬಿಸ್ಕತ್ತು ತಿಂದೆ, ಕೆಳಗೆ ಬಂತು. ಅಷ್ಟೇ. ಸೋಗಾನೆಯ ವಿಮಾನ ನಿಲ್ದಾಣದಿಂದ ನಿನ್ನ ಮನೆಗೆ ಬರೋಕೆ ಅದರ ಎರಡರಷ್ಟು ಹೊತ್ತು ಹಿಡೀತು. ನಿನ್ನ ಊರೇ ಅಕ್ಕ ದೂರ, ಗೋವಾ ಅಲ್ಲ."

ಅವಳು ಇದ್ದಷ್ಟು ದಿನ ಗಿರಣಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಹಿಟ್ಟು ಮಾಡಿಸಲು ಬಂದವರನ್ನೆಲ್ಲ ಮಾತಾಡಿಸಿದಳು. ಮೈಮೇಲೆ ಹಿಟ್ಟು ಬಿದ್ದರೆ ಒರೆಸಿಕೊಳ್ಳುತ್ತಿರಲಿಲ್ಲ. ನಾನು ಪ್ರತಿ ದಿನ ಇವತ್ತು ಕೇಳಿಯೇ ಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಬೆಳಿಗ್ಗೆ ಸವಿತ ಪೊರಕೆ ಹಿಡಿದರೆ ನನ್ನ ಬಾಯಿ ತೆರೆಯುತ್ತಿತ್ತು, ಗಿರಿಜೆ "ಕಾಫಿ ಆಯ್ತಾ?" ಎಂದರೆ ಮುಚ್ಚುತ್ತಿತ್ತು. ನಾನು ಯಾರಿಗೂ ಹೆದರಿದವಳಲ್ಲ. ಕಡಿಮೆ ಹಿಟ್ಟು ಕೊಟ್ಟಿರಿ ಎಂದು ಜಗಳಕ್ಕೆ ಬಂದ ಪೊಲೀಸಪ್ಪನಿಗೇ ತಕ್ಕಡಿ ತೋರಿಸಿ ಬೈದು ಕಳಿಸಿದ್ದೇನೆ. ಇವಳ ಮುಂದೆ ಮಾತ್ರ ಹೆದರಿದೆ. ಅವಳು ಏನಾದರೂ ಉತ್ತರ ಕೊಟ್ಟುಬಿಟ್ಟರೆ. ನೀನು ಯಾವಾಗ ಹೋಗುತ್ತೀಯೋ ಎಂದು ಕಾಯುತ್ತಿದ್ದೆ ಎಂದರೆ. ಈ ವಯಸ್ಸಿನಲ್ಲಿ ಅದನ್ನು ಕೇಳಿಸಿಕೊಂಡು ಏನು ಮಾಡುವುದು.

ಹೊರಡುವ ದಿನ ಬಂತು. ನಾನು ಸವಿತಳನ್ನು ಕರೆದು, "ಚಿಕ್ಕತ್ತೆ ಮನೆ ಮುಟ್ಟಿದ್ರು ಅಂತ ಫೋನ್ ಬರೋ ತನಕ ಪೊರಕೆ ಮುಟ್ಬೇಡ" ಎಂದೆ. ಗಿರಿಜೆ ಅಲ್ಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಕೇಳಿಸಿತೋ ಇಲ್ಲವೋ, ಬಗ್ಗಿದ ತಲೆ ಎತ್ತಲಿಲ್ಲ. ಗಿರಣಿಯ ನೆಲದ ಹಿಟ್ಟಿನ ಮೇಲೆ ಅವಳ ಚಪ್ಪಲಿಯ ಗುರುತು ಒಂದೊಂದಾಗಿ ಬಿದ್ದುಕೊಂಡು ಕಾರಿನ ತನಕ ಹೋಯಿತು. ಮೊಣಕಾಲು ನೋವಿನ ಕಡೆಯದು ಸ್ವಲ್ಪ ಅಡ್ಡ.

ಕಾರಿನಲ್ಲಿ ಕೇಳೋಣವೆಂದರೆ ನಾಗರಾಜ ಬಾಯಿ ಮುಚ್ಚಲಿಲ್ಲ. ಯಾವ ಊರಿಗೆ ವಿಮಾನ ಎಷ್ಟು ಹೊತ್ತು, ತಿರುಪತಿಗೆಷ್ಟು, ಹೈದರಾಬಾದಿಗೆಷ್ಟು ಎಂದು ಅವಳಿಗೇ ಹೇಳುತ್ತಿದ್ದ, ವಿಮಾನದಲ್ಲಿ ಬಂದವಳು ಅವಳು. ವಿಮಾನ ನಿಲ್ದಾಣ ಮೇಲಿನಿಂದ ನೋಡಿದರೆ ಕಮಲದ ಹೂವಿನ ಹಾಗಿದೆ ಎಂದ. ನಾನು ಕೆಳಗಿನಿಂದ ನೋಡಿದ್ದರಿಂದ ನನಗೆ ಕಾಣಿಸಲಿಲ್ಲ. ಗಾಜಿನ ಬಾಗಿಲಿನ ಹತ್ತಿರ ಬಂದೂಕಿನವನೊಬ್ಬ ನಿಂತಿದ್ದ. ಟಿಕೆಟ್ ಇದ್ದವರಿಗೆ ಮಾತ್ರ ಒಳಗೆ. ಬಸ್ ಸ್ಟ್ಯಾಂಡಿನಲ್ಲಾದರೆ ಕಿಟಕಿಯ ಪಕ್ಕ ನಿಂತು ಬಸ್ಸು ಅಲ್ಲಾಡುವ ತನಕ ಮಾತಾಡಬಹುದು, ಎಷ್ಟು ದೊಡ್ಡ ಮಾತಾದರೂ ಕಂಡಕ್ಟರು ಸೀಟಿ ಊದುವ ಮೊದಲು ಆಡಿ ಮುಗಿಸಬಹುದು. ಇಲ್ಲಿ ಮಾತಿಗೆ ಜಾಗವೇ ಇಲ್ಲ. "ಬರ್ತೀನಕ್ಕ" ಎಂದಳು, ಕಾರ್ಡು ತೋರಿಸಿದಳು, ಗಾಜಿನ ಆಚೆ ಹೋದಳು. ನಾನು ಕೈ ಎತ್ತಿದೆ. ಗಾಜಿನಲ್ಲಿ ನನ್ನ ಕೈಯೇ ಕಾಣಿಸಿತು.

ವಿಮಾನ ಏಳುವುದನ್ನು ನೋಡಿಯೇ ಹೋಗೋಣ ಎಂದು ನಾಗರಾಜ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿದ. ತುಂಬಾ ಹೊತ್ತು ಕಾದೆವು. ಕೊನೆಗೆ ಅದು ಗುರ್ ಎಂದು ಓಡಿ ಎದ್ದಿತು. ನಾನು ಅಂದುಕೊಂಡಿದ್ದಕ್ಕಿಂತ ಸಣ್ಣದು. ಅಷ್ಟು ಸಣ್ಣದರೊಳಗೆ ನನ್ನ ತಂಗಿ, ಅವಳ ಮೊಣಕಾಲು, ನಾನು ಕಟ್ಟಿಕೊಟ್ಟ ರಾಗಿ ಹಿಟ್ಟು, ನನಗೆ ಬೇಕಾಗಿದ್ದ ಉತ್ತರ ಎಲ್ಲ ಇದೆ ಎಂದುಕೊಂಡು ನೋಡುತ್ತಿದ್ದಂತೆಯೇ ಮೋಡಕ್ಕೆ ಹೋಯಿತು.

ಅಲ್ಲಿಂದ ಶಿವಮೊಗ್ಗದ ಪೇಟೆಗೆ ಬಂದು ಗಿರಣಿಗೆ ಬೇಕಾದ ಬೆಲ್ಟು ಕೊಂಡೆವು. ನಾಗರಾಜ ಬೆಲ್ಟನ್ನು ಎಳೆದು, ಮೂಸಿ, ಮತ್ತೊಂದು ಅಂಗಡಿಯಲ್ಲೂ ಕೇಳಿ, ಮೊದಲಿನ ಅಂಗಡಿಗೇ ವಾಪಸು ಬಂದ. ಅವನ ಅಪ್ಪನೂ ಹೀಗೇ. ಮತ್ತೆ ಊರಿನ ದಾರಿ ಹಿಡಿದು ಆಯನೂರಿನ ಹತ್ತಿರ ಬಂದಾಗ ಫೋನು ಬಡಿದುಕೊಂಡಿತು. ಗಿರಿಜೆ.

"ಅಕ್ಕ, ಮುಟ್ಟಿದ್ಯಾ?"

"ಎಂತ ಮುಟ್ಟೋದು, ಇನ್ನೂ ಆಯನೂರು. ನಿನ್ನ ವಿಮಾನ ಎಲ್ಲಿ, ಇನ್ನೂ ಮೇಲೇ ಇದೆಯಾ?"

"ವಿಮಾನ ಇಳಿದು ಎಷ್ಟೊತ್ತಾಯ್ತು. ನಾನು ಮನೆಗೆ ಬಂದು, ಕಾಲಿಗೆ ಎಣ್ಣೆ ಹಚ್ಕೊಂಡು, ಚಾ ಕುಡ್ದಾಯ್ತು."

ನಾನು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದೆ. ಕಳಿಸಲು ಬಂದವಳು ನಾನು, ನಡುದಾರಿಯಲ್ಲಿದ್ದೇನೆ. ಹೋದವಳು ಅವಳು, ಗೋವಾದಲ್ಲಿ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಂಡಿದ್ದಾಳೆ. ನಮ್ಮ ಅಮ್ಮ ಇದ್ದಿದ್ದರೆ ಇದನ್ನು ಕೇಳಿ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದಳು.

"ಸವಿತಂಗೆ ಫೋನ್ ಮಾಡಿ ಗುಡಿಸ್ಬಹುದು ಅಂತ ಹೇಳಿದೀನಿ" ಎಂದಳು ಗಿರಿಜೆ. "ಪಾಪ, ಹಿಟ್ಟಲ್ಲಿ ಕೂತಿರ್ತಾಳೆ. ನಮ್ಮನೇಲಿ ಮಾತ್ರ ಇನ್ನೂ ಕಸ ಹೊಡ್ದಿಲ್ಲ. ನನ್ನ ಸೊಸೆ ಪೊರಕೆ ಹಿಡ್ಕೊಂಡು ನನ್ನ ಮುಖ ನೋಡ್ತಿದಾಳೆ. ನೀ ಮನೆ ಮುಟ್ಟಿದ ಕೂಡ್ಲೇ ಹೇಳು."

"ನಾನು ಎಂತಕ್ಕೆ ಮುಟ್ಬೇಕು? ಹೊರಟವಳು ನೀನು."

"ನೀನೂ ದಾರಿ ಮೇಲೇ ಇದೀಯಲ್ಲ ಅಕ್ಕ. ದಾರಿ ಮೇಲಿದ್ದವರು ಮುಟ್ಟೋ ತನಕ ಗುಡಿಸ್ಬಾರ್ದು ಅಂತ ತಾನೇ ಅಮ್ಮ ಹೇಳಿದ್ದು."

ಅಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದದ್ದು ಆಗ ತಾನಾಗಿ ಬಂತು. ನಾಗರಾಜ ಪಕ್ಕದಲ್ಲಿದ್ದಾನೆ ಎನ್ನುವುದೂ ನೆನಪಾಗಲಿಲ್ಲ.

"ಅಷ್ಟು ಗೊತ್ತಿದ್ದವಳು ಅವತ್ತು ಎಂತಕ್ಕೆ ಗುಡಿಸಿದೆ? ನಾನು ನಾಗರಾಜನ್ನ ಎತ್ಕೊಂಡು ಬಂದಿದ್ದಾಗ. ನಾ ಬಸ್ಸೂ ಹತ್ತಿರಲಿಲ್ಲ."



"ನಿನಗೆ ಯಾರು ಹೇಳಿದ್ರು?" ಎಂದಳು ಮೆಲ್ಲಗೆ.

"ಯಾರು ಹೇಳ್ಬೇಕು? ಕೊಡೆ ಬಿಟ್ಟಿದ್ದೆ. ತಗೊಂಡು ಹೋಗೋಣ ಅಂತ ತಿರುಗಿ ಬಂದ್ರೆ ನೀನು ಗುಡಿಸ್ತಿದ್ದೆ. ಗೇಟಿನ ಹತ್ರ ನಿಂತು ನೋಡಿ ಹೋದೆ."

"ತಿರುಗಿ ಬಂದಿದ್ಯಾ?"

"ಬಂದಿದ್ದೆ."

"ಗೇಟಿನ ತನಕ?"

"ಹೌದು ಅಂದ್ನಲ್ಲ."

ನಾಗರಾಜ ಹೇಳದೆಯೇ ಕಾರನ್ನು ಬದಿಗೆ ತೆಗೆದು ನಿಲ್ಲಿಸಿದ.

"ನಾನು ಅದು ಸುಳ್ಳು ಅಂದ್ಕೊಂಡಿದ್ದೆ ಅಕ್ಕ" ಎಂದಳು.

"ಯಾವ್ದು?"

"ಗುಡಿಸಿದ್ರೆ ಹೊರಟವರು ತಿರುಗಿ ಬರ್ತಾರೆ ಅನ್ನೋದು. ಅಪ್ಪ ಬಂದಿದ್ನಲ್ಲ, ಉಂಡೆ ತಗೊಂಡು. ನೀನೂ ಬರ್ಲಿ ಅಂತ ಗುಡಿಸಿದೆ. ನಿನ್ನ ಬಸ್ಸು ಕೆಟ್ಟು ನಿಲ್ಲಲಿ, ಇನ್ನೂ ನಾಲ್ಕು ದಿನ ಇರ್ಲಿ ಅಂತ. ಆ ಊರಲ್ಲಿ ನನ್ನ ಮಾತು ತಿಳಿಯೋರು ಒಬ್ರೂ ಇರ್ಲಿಲ್ಲ. ಗುಡಿಸಿ, ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹಾಕಿ, ಸಂಜೆ ತನಕ ಮೆಟ್ಟಿಲ ಮೇಲೆ ಕೂತಿದ್ದೆ. ನೀ ಬರ್ಲಿಲ್ಲ. ಆಮೇಲೆ ಆ ಮಾತಿನ ಮೇಲೆ ನಂಬಿಕೆನೇ ಹೋಯ್ತು."

ನಾನು ಕಾರಿನ ಕಿಟಕಿ ಇಳಿಸಿದೆ. ಹೊರಗೆ ಒಂದು ಲಾರಿ ಹೋಯಿತು, ಅದರ ಧೂಳೆಲ್ಲ ಒಳಗೆ ಬಂತು. ನಾನು ಕಂಡದ್ದು ಕಣ್ಣಾರೆ ಕಂಡದ್ದು, ಸುಳ್ಳಲ್ಲ. ಅದೇ ಪೊರಕೆ, ಅದೇ ಜಗುಲಿ. ಅದನ್ನು ಇಷ್ಟು ವರ್ಷ ಬೇರೆಯೇ ಆಗಿ ನೋಡಿಕೊಂಡು ಬಂದಿದ್ದೆ. ಅಲ್ಲಿ ಇನ್ನೂ ನಾಲ್ಕು ಹೆಜ್ಜೆ ಇಟ್ಟು ಜಗುಲಿ ಹತ್ತಿದ್ದರೆ ಒಂದು ಪಾವು ಅಕ್ಕಿ ಹೆಚ್ಚಿಗೆ ಬೇಯುತ್ತಿತ್ತು. ಗೇಟಿನಿಂದ ಜಗುಲಿಗೆ ಎಷ್ಟು ದೂರ ಎಂದು ನಾಗರಾಜನ ಫೋನಿನಲ್ಲಿ ಯಾರೂ ಗೆರೆ ಎಳೆದು ತೋರಿಸಲಾರರು.

"ಅಕ್ಕ, ಇದೀಯಾ?"

"ಇದೀನಿ. ಕೊಡೆ ಎಂತ ಮಾಡ್ದೆ?"

"ಮೂರು ಮಳೆಗಾಲ ಬಂತು. ಒಳ್ಳೆ ಕೊಡೆ."

"ನಂಬಿಕೆ ಹೋಗಿದೆ ಅಂತೀಯ. ಮತ್ತೆ ಈಗ ಎಂತಕ್ಕೆ ಪೊರಕೆ ಇಟ್ಟು ಕೂತಿದೀಯ?"

"ನಿನಗೆ ಇದೆಯಲ್ಲ" ಎಂದಳು.

ನಾಗರಾಜ ಕಾರು ಬಿಟ್ಟ. ರಿಪ್ಪನ್‌ಪೇಟೆಯಲ್ಲಿ ಚಾ ಕುಡಿಯೋಣವೇ ಎಂದು ಕೇಳಿದ, ಬೇಡ ಎಂದೆ. ಗೋವಾದ ಒಂದು ಮನೆಯಲ್ಲಿ ಕಸ ಬಿದ್ದಿದೆ, ಬೇಗ ಹೋಗು ಎಂದೆ. ಅವನು ಜೀವಮಾನದಲ್ಲಿ ಮೊದಲ ಸಲ ನನ್ನ ಮಾತಿಗೆ ಎದುರು ಆಡಲಿಲ್ಲ.

ಮನೆಗೆ ಬಂದಾಗ ಗಿರಣಿಯ ನೆಲ ಬೆಳಿಗ್ಗೆ ಇದ್ದ ಹಾಗೆಯೇ ಇತ್ತು. ಗಿರಿಜೆಯ ಚಪ್ಪಲಿಯ ಗುರುತು ಕೂಡ. "ಚಿಕ್ಕತ್ತೆ ಫೋನ್ ಮಾಡಿದ್ರು, ಗುಡಿಸು ಅಂದ್ರು. ನೀವು ಬರದೆ ಗುಡಿಸಿದ್ರೆ ನೀವು ಬೈತೀರ ಅಂತ ಬಿಟ್ಟೆ" ಎಂದಳು ಸವಿತ. ನಾನು ಚಪ್ಪಲಿಯನ್ನೂ ಬಿಡದೆ ಅಲ್ಲೇ ಕುರ್ಚಿಯಲ್ಲಿ ಕೂತು ಫೋನು ಹಚ್ಚಿಸಿದೆ.

"ಮುಟ್ಟಿದೆ ಕಣೆ. ಇನ್ನು ಗುಡಿಸು."

"ಇರು, ಫೋನ್ ಇಡ್ಬೇಡ" ಎಂದಳು. ಸೊಸೆಯ ಕೈಯಿಂದ ಪೊರಕೆ ಕಿತ್ತುಕೊಂಡಳು ಎಂದು ಕಾಣುತ್ತದೆ, "ಅತ್ತೆ, ನಿಮ್ಮ ಕಾಲು" ಎನ್ನುವ ದನಿ ಕೇಳಿತು. ಫೋನನ್ನು ಎಲ್ಲೋ ಕೆಳಗೆ ಇಟ್ಟಳು. ಆಮೇಲೆ ಆ ಸದ್ದು ಬಂತು. ಸರ್, ಸರ್, ಸರ್. ಗೇಟಿನ ಹತ್ತಿರ ನಿಂತು ಕೇಳಿದ ಅದೇ ಸದ್ದು. ಕೈ ಇನ್ನೂ ಚುರುಕಾಗಿದೆ, ಮೊಣಕಾಲು ಮಾತ್ರ ಹೋಗಿರುವುದು. ಜಗುಲಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು, ಅಲ್ಲಿ ಒಂದು ಕ್ಷಣ ನಿಂತು ತಿರುಗಿಬಿಟ್ಟಿತು. ಚಿಕ್ಕವಳಿದ್ದಾಗಲೂ ಅವಳದು ಇದೇ ಕೆಲಸ.

"ಮೂಲೆ ಬಿಟ್ಟೆ ನೋಡು" ಎಂದು ಇಲ್ಲಿಂದಲೇ ಕೂಗಿದೆ.